ಗೇಮ್ ಸೆಟಪ್ ಫೈಲ್ ಮಾಯವಾಯಿತೇ? ಮತ್ತೆ ಡೌನ್‌ಲೋಡ್‌ಗೆ ಹಚ್ಚುವ ಮುಂಚೆ ಇದನ್ನು ನೋಡಿ

ರಾತ್ರಿಯಿಡೀ ಡೌನ್‌ಲೋಡ್ ಆದ ಗೇಮ್ ಬೆಳಗ್ಗೆ ಇನ್‌ಸ್ಟಾಲ್ ಆಗಲು ಒಲ್ಲೆ ಎನ್ನುತ್ತದೆ. ಒಂದೋ ಫೋಲ್ಡರಿನಲ್ಲಿ ಸೆಟಪ್ ಫೈಲೇ ಇಲ್ಲ, ಇಲ್ಲವೇ ಇನ್‌ಸ್ಟಾಲ್ ಮುಕ್ಕಾಲು ಭಾಗ ಸಾಗಿ ‘ಫೈಲ್ ಸಿಗುತ್ತಿಲ್ಲ’ ಎಂದು ನಿಂತುಬಿಡುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಎಲ್ಲ ಅಳಿಸಿ ಮತ್ತೆ ಡೌನ್‌ಲೋಡ್‌ಗೆ ಹಚ್ಚುವುದು. ಮರುದಿನವೂ ಅದೇ ಹಾಡು. ಯಾಕೆಂದರೆ ಎಷ್ಟೋ ಸಲ ಫೈಲ್ ಕಳೆದುಹೋಗಿರುವುದಿಲ್ಲ, ಆಂಟಿವೈರಸ್ ಅದನ್ನು ಎತ್ತಿ ಬೇರೆ ಕಡೆ ಕೂಡಿಹಾಕಿರುತ್ತದೆ. ಎರಡನೇ ಸಲ ಬಂದದ್ದನ್ನೂ ಅದು ಅಲ್ಲಿಗೇ ಸೇರಿಸುತ್ತದೆ.

ಪುಣೆ ಪಕ್ಕದ ಚಿಂಚವಾಡದ ನಮ್ಮ ಸೊಸೈಟಿಯಲ್ಲಿ ಜಮಖಂಡಿ, ಇಂಡಿ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಮನೆಗಳು ಬೇಕಾದಷ್ಟಿವೆ. ಶಾಲೆಗೆ ರಜೆ ಬಿತ್ತೆಂದರೆ ಆ ಮನೆಗಳ ಹುಡುಗರು ನನ್ನ ಬಾಗಿಲು ಬಡಿಯುತ್ತಾರೆ. “ಕಾಕಾ, ಸೆಟಪ್ ಈಗ ಇಲ್ಲೇ ಇತ್ರೀ. ಡಬಲ್ ಕ್ಲಿಕ್ ಹೊಡದೆ, ಇಲ್ಲದಂಗ ಆತು.” ನಾನು ಕೇಳುವುದು, “ಎಲ್ಲಿಂದ ತಗೊಂಡಿ?” ಇದಕ್ಕೆ ಉತ್ತರ ಬರುವುದು ತಡವಾದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಆ ಮಾತಿಗೆ ಆಮೇಲೆ ಬರೋಣ.

ಪರದೆ ಏನು ಹೇಳುತ್ತಿದೆ, ಮೊದಲು ಅದನ್ನು ಓದಿ

ಕಾಣೆಯಾದ ಫೈಲಿಗೆಲ್ಲ ಆಂಟಿವೈರಸ್ಸನ್ನೇ ದೂರಬೇಡಿ. ‘ಫೈಲಿನಲ್ಲಿ ವೈರಸ್ ಅಥವಾ ಬೇಡದ ಸಾಫ್ಟ್‌ವೇರ್ ಇರುವುದರಿಂದ ಕೆಲಸ ಪೂರ್ಣವಾಗಲಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು, ಅದರ ಜೊತೆ 0ಎಕ್ಸ್800700ಇ1 ಎಂಬ ಸಂಖ್ಯೆ ಬಂದರೆ ಅನುಮಾನವೇ ಬೇಡ, ತಡೆದದ್ದು ಆಂಟಿವೈರಸ್ಸೇ. ಬ್ರೌಸರಿನ ಡೌನ್‌ಲೋಡ್ ಪಟ್ಟಿಯಲ್ಲಿ ‘ವೈರಸ್ ಡಿಟೆಕ್ಟೆಡ್’ ಎಂದಿದ್ದರೂ ಅಷ್ಟೇ. ಗೇಮ್ ಮಾರುವ ತಾಣವಾದ ಸ್ಟೀಮ್‌ನಲ್ಲಿ ಪ್ಲೇ ಒತ್ತಿದಾಗ ‘ಮಿಸ್ಸಿಂಗ್ ಎಕ್ಸಿಕ್ಯೂಟಬಲ್’ ಎಂದರೆ ಗೇಮನ್ನು ಓಡಿಸುವ ಮುಖ್ಯ ಇಎಕ್ಸ್ಇ ಫೈಲ್ ಇದ್ದ ಜಾಗದಲ್ಲಿ ಇಲ್ಲ ಎಂದರ್ಥ. ಇಲ್ಲೂ ಅನುಮಾನ ಮೊದಲು ಆಂಟಿವೈರಸ್ ಕಡೆಗೇ ಹೋಗಬೇಕು.

ಕೆಲವು ಸಂದೇಶಗಳಿಗೂ ಆಂಟಿವೈರಸ್ಸಿಗೂ ಸಂಬಂಧವೇ ಇರುವುದಿಲ್ಲ. ‘ವಿಸಿರನ್‌ಟೈಮ್140 ಡಿಎಲ್‌ಎಲ್ ಇಲ್ಲ’, ‘ಎಂಎಸ್‌ವಿಸಿಪಿ140 ಡಿಎಲ್‌ಎಲ್ ಇಲ್ಲ’ ಎಂದರೆ ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಸಹಾಯಕ ಫೈಲುಗಳ ಕಟ್ಟು ಹಾಕಿಲ್ಲ ಅಷ್ಟೇ. ಹಳೆಯ ಗೇಮ್ ‘ಡಿ3ಡಿಎಕ್ಸ್9_43 ಡಿಎಲ್‌ಎಲ್’ ಕೇಳಿದರೆ ಡೈರೆಕ್ಟ್‌ಎಕ್ಸ್‌ನ 2010ರ ಜೂನ್ ರನ್‌ಟೈಮ್ ಬೇಕು. ಎರಡೂ ಮೈಕ್ರೋಸಾಫ್ಟ್ ತಾಣದಲ್ಲೇ ಉಚಿತವಾಗಿ ಸಿಗುತ್ತವೆ. ‘ಡಿಎಲ್‌ಎಲ್ ಫೈಲ್ ಫ್ರೀ’ ಎಂದು ಹುಡುಕಿ, ಹೆಸರು ಕೇಳಿಲ್ಲದ ತಾಣದಿಂದ ಒಂದು ಫೈಲ್ ತಂದು ಗೇಮ್ ಫೋಲ್ಡರಿಗೆ ಹಾಕುವ ಅಭ್ಯಾಸವನ್ನು ಇವತ್ತೇ ಬಿಡಿ. ಇಲ್ಲದ ವೈರಸ್ ಮನೆಗೆ ಬರುವುದು ಆ ದಾರಿಯಲ್ಲೇ.

ಗೇಮ್ ಮಾರುವ ಇನ್ನೊಂದು ತಾಣವಾದ ಗಾಗ್‌ನ ಆಫ್‌ಲೈನ್ ಇನ್‌ಸ್ಟಾಲರ್ ‘ಇಂಥ ಬಿನ್ ಫೈಲ್ ಇಲ್ಲ’ ಎಂದರೆ ಮೊದಲು ನಿಮ್ಮ ಡೌನ್‌ಲೋಡ್ ನೋಡಿಕೊಳ್ಳಿ. ದೊಡ್ಡ ಗೇಮ್‌ಗಳನ್ನು ಅವರು ಒಂದು ಇಎಕ್ಸ್ಇ, ಅದರ ಜೊತೆ ಹಲವು ಬಿನ್ ಎಂದು ತುಂಡು ಮಾಡಿ ಕೊಡುತ್ತಾರೆ. ಎಲ್ಲವೂ ಒಂದೇ ಫೋಲ್ಡರಿನಲ್ಲಿರಬೇಕು, ಹೆಸರೂ ಬದಲಾಗಿರಬಾರದು. ಎರಡು ಸಲ ಇಳಿಸಿದಾಗ ಬ್ರೌಸರ್ ಹೆಸರಿನ ಕೊನೆಗೆ ಆವರಣದಲ್ಲಿ 1 ಸೇರಿಸಿರುತ್ತದೆ. ಇನ್‌ಸ್ಟಾಲರ್ ಆ ಫೈಲನ್ನು ಗುರುತಿಸುವುದಿಲ್ಲ. ಗೆಳೆಯನ ಮನೆಯಿಂದ ಪೆನ್‌ಡ್ರೈವ್‌ನಲ್ಲಿ ತರುವಾಗ ಒಂದು ತುಂಡು ಬಿಟ್ಟುಹೋಗುವುದೂ ಉಂಟು. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಯುವುದೇ ಇಲ್ಲ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆ ತೊಂದರೆ ಹೋಗುತ್ತದೆ, ಆದರೆ ಅದರೊಳಗಿನ ಫೈಲುಗಳನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳಿ. ಇನ್ನು ನಮ್ಮ ಪುಣೆಯ ಗುರುವಾರ. ದುರಸ್ತಿ ಎಂದು ಕರೆಂಟ್ ತೆಗೆಯುವ ದಿನ ಡೌನ್‌ಲೋಡ್‌ಗೆ ಹಚ್ಚಿ ಆಫೀಸಿಗೆ ಹೋದರೆ ಫೈಲ್ ಅರ್ಧಕ್ಕೇ ನಿಂತಿರುತ್ತದೆ. ಅದಕ್ಕೆ ಆಂಟಿವೈರಸ್ ಏನು ಮಾಡೀತು?

ಯಾರು ಹಿಡಿದರು, ಎಲ್ಲಿ ಇಟ್ಟರು

ಈಗ ದಾಖಲೆ ತೆರೆಯಿರಿ. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ, ಅದರಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ. ಫೈಲ್ ಮಾಯವಾದ ಹೊತ್ತಿಗೆ ಸರಿಹೊಂದುವ ಸಾಲನ್ನು ಒತ್ತಿದರೆ ಮೂರು ಸಂಗತಿ ಸಿಗುತ್ತವೆ: ಹಿಡಿದ ವಸ್ತುವಿನ ಹೆಸರು, ಫೈಲ್ ಇದ್ದ ಪೂರ್ತಿ ದಾರಿ, ಈಗಿನ ಸ್ಥಿತಿ. ಕ್ವಾರಂಟೈನ್ಡ್ ಎಂದಿದ್ದರೆ ಫೈಲ್ ಇನ್ನೂ ಇದೆ, ಮರಳಿ ತರಬಹುದು. ರಿಮೂವ್ಡ್ ಎಂದಿದ್ದರೆ ಹೋದಂತೆಯೇ. ಬ್ಲಾಕ್ಡ್ ಎಂದರೆ ಓಡಲು ಬಿಟ್ಟಿಲ್ಲ.

ಹಿಸ್ಟರಿ ಖಾಲಿ ಇದೆಯೇ? ಹಾಗಿದ್ದರೆ ನಿಮ್ಮ ಕಂಪ್ಯೂಟರಿನ ಕಾವಲು ಬೇರೆಯವರ ಕೈಯಲ್ಲಿರಬಹುದು. ಬೇರೆ ಕಂಪನಿಯ ಆಂಟಿವೈರಸ್ ಹಾಕಿದೊಡನೆ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ. ಹೊಸ ಲ್ಯಾಪ್‌ಟಾಪ್ ಜೊತೆ ಟ್ರಯಲ್ ಎಂದು ಬಂದ ಆಂಟಿವೈರಸ್ ಒಂದು ಮೂಲೆಯಲ್ಲಿ ಕೂತಿರುತ್ತದೆ, ಮನೆಯವರಿಗೆ ಅದರ ನೆನಪೇ ಇರುವುದಿಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ಪುಣೆಯಲ್ಲೇ ಹುಟ್ಟಿ ಬೆಳೆದ ಕ್ವಿಕ್ ಹೀಲ್ ಇರುತ್ತದೆ. ತಾಪ್ಕೀರ್ ಗಲ್ಲಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವರು ಯಾವುದೋ ಒಂದು ಆಂಟಿವೈರಸ್ಸನ್ನು ತಾವೇ ಹಾಕಿ ಕಳಿಸಿರುವುದೂ ಉಂಟು. ವಿಂಡೋಸ್ ಸೆಕ್ಯುರಿಟಿಯ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಪ್ರೊವೈಡರ್ಸ್’ ಒತ್ತಿದರೆ ಸದ್ಯ ಕಾವಲಿಗೆ ನಿಂತವರು ಯಾರೆಂದು ತೋರಿಸುತ್ತದೆ. ಆ ಆಂಟಿವೈರಸ್ಸನ್ನು ತೆರೆದು ಕ್ವಾರಂಟೈನ್ ಎಂಬ ಪಟ್ಟಿ ಹುಡುಕಿ. ಹೆಸರು, ಜಾಗ ಆವೃತ್ತಿಗೊಂದು ಇದ್ದರೂ ಆ ಪಟ್ಟಿ ಎಲ್ಲದರಲ್ಲೂ ಇರುತ್ತದೆ.

ಹಿಂಜವಡಿಯ ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಇಲ್ಲಿಗೇ ಸಾಕು. ‘ಅಡ್ಮಿನಿಸ್ಟ್ರೇಟರ್ ನಿಯಂತ್ರಣದಲ್ಲಿದೆ’ ಎಂಬ ಸಾಲು ಕಂಡರೆ ಅದನ್ನು ತಪ್ಪಿಸಿ ಒಳಗೆ ಹೋಗುವ ದಾರಿ ಹುಡುಕಬೇಡಿ. ಅಪ್ಪನ ಆಫೀಸ್ ಲ್ಯಾಪ್‌ಟಾಪಿನಲ್ಲಿ ಮಗನ ಗೇಮ್, ಮರುದಿನ ಐಟಿ ವಿಭಾಗದಿಂದ ಫೋನ್. ಇಂಥ ಸಂಭಾಷಣೆ ಯಾರಿಗೂ ಬೇಡ.

ಹಿಡಿದ ಹೆಸರನ್ನು ಓದುವುದು

ಬಹಳ ಜನ ಕೆಂಪು ಬಣ್ಣ ನೋಡಿ ಹೆದರುತ್ತಾರೆ, ಇಲ್ಲವೇ ಹೆಸರು ಓದದೆಯೇ ರಿಸ್ಟೋರ್ ಒತ್ತುತ್ತಾರೆ. ಮೈಕ್ರೋಸಾಫ್ಟ್ ಡಿಫೆಂಡರ್ ಕೊಡುವ ಹೆಸರಿಗೆ ಒಂದು ಕ್ರಮವಿದೆ: ಬಗೆ, ವೇದಿಕೆ, ಕುಟುಂಬ, ಉಪಬಗೆ, ಕೊನೆಗೊಂದು ಬಾಲ. ಆಗಾಗ ಕಾಣುವ ‘ಟ್ರೋಜನ್:ವಿನ್32/ವಾಕಟಾಕ್.ಬಿ!ಎಂಎಲ್’ ಎಂಬುದನ್ನೇ ತೆಗೆದುಕೊಳ್ಳಿ. ಟ್ರೋಜನ್ (ಒಳ್ಳೆಯದರ ವೇಷದಲ್ಲಿ ಬರುವ ಕೆಡುಕು ಪ್ರೋಗ್ರಾಂ) ಎಂಬುದು ಬಗೆ, ವಿನ್32 ವೇದಿಕೆ, ವಾಕಟಾಕ್ ಕುಟುಂಬದ ಹೆಸರು. ನಿಮಗೆ ಬೇಕಾದದ್ದು ಆಶ್ಚರ್ಯಸೂಚಕದ ಆಚೆಗಿನ ‘ಎಂಎಲ್’. ಅದು ಮಷಿನ್ ಲರ್ನಿಂಗ್‌ನ ಗುರುತು. ಮೊದಲೇ ಗೊತ್ತಿರುವ ವೈರಸ್ಸಿನ ಜೊತೆ ಹೋಲಿಸಿ ಹಿಡಿದದ್ದಲ್ಲ, ಫೈಲಿನ ಲಕ್ಷಣ ನೋಡಿ ಯಂತ್ರ ಮಾಡಿದ ಅಂದಾಜು ಎಂದು ಅದರ ಅರ್ಥ. ಅಂದಾಜು ತಪ್ಪಬಹುದು. ಬೇರೆ ಆಂಟಿವೈರಸ್‌ಗಳಲ್ಲಿ ‘ಜೆನೆರಿಕ್’, ‘ಹ್ಯೂರ್’ ಎಂಬ ತುಣುಕುಗಳು ಕಂಡರೆ ಅವೂ ಇದೇ ಜಾತಿಯವು.

ಗೇಮ್‌ಗಳ ವಿಷಯದಲ್ಲಿ ಅಂದಾಜು ತಪ್ಪಲು ಕಾರಣಗಳಿವೆ. ಗಾತ್ರ ಇಳಿಸಲು ಯುಪಿಎಕ್ಸ್‌ನಂಥ ಪ್ಯಾಕರ್‌ನಿಂದ ಫೈಲನ್ನು ಒತ್ತಿ ಕಟ್ಟಿರುತ್ತಾರೆ, ನಕಲು ತಡೆಯಲು ಒಳಗಿನ ಕೋಡನ್ನು ಮರೆಮಾಡಿರುತ್ತಾರೆ. ವೈರಸ್ ಬರೆಯುವವರು ಮಾಡುವುದೂ ಅದನ್ನೇ. ಇದರ ಜೊತೆಗೆ ಒಬ್ಬಿಬ್ಬರೇ ಕೂತು ಮಾಡಿದ ಇಂಡೀ ಗೇಮ್ ಆದರೆ ಜಗತ್ತಿನಲ್ಲಿ ಅದನ್ನು ಇಳಿಸಿಕೊಂಡವರೂ ಕಡಿಮೆ. ಫೈಲ್ ಯಾರದ್ದೆಂದು ಸಾರುವ ಡಿಜಿಟಲ್ ಸಹಿಗೆ ಬೇಕಾದ ಕೋಡ್ ಸೈನಿಂಗ್ ಸರ್ಟಿಫಿಕೇಟ್‌ಗೆ ವರ್ಷವರ್ಷ ದುಡ್ಡು ಕಟ್ಟಬೇಕಾದ್ದರಿಂದ ಸಹಿಯೂ ಇರುವುದಿಲ್ಲ. ಇಂಡೀ ಗೇಮ್‌ಗಳ ತಾಣ ಇಚ್ ಡಾಟ್ ಐಓನಲ್ಲಿ ಸಿಗುವ ಪ್ರಾಮಾಣಿಕ ಗೇಮ್‌ಗಳೂ ಹೀಗೆ ಸಿಕ್ಕಿಬೀಳುತ್ತವೆ.

ಆದರೆ ಹೆಸರು ‘ಹ್ಯಾಕ್‌ಟೂಲ್’ ಎಂದು ಶುರುವಾದರೆ, ಅದರಲ್ಲಿ ‘ಕೀಜೆನ್’ (ನಕಲಿ ಲೈಸೆನ್ಸ್ ಕೀ ಹುಟ್ಟಿಸುವ ಸಾಧನ) ಅಥವಾ ‘ಕ್ರ್ಯಾಕ್’ (ಗೇಮಿನ ನಕಲು ತಡೆಯನ್ನು ಮುರಿಯುವ ಫೈಲ್) ಎಂದಿದ್ದರೆ, ಅಲ್ಲಿ ತಪ್ಪು ಅಂದಾಜಿನ ಮಾತೇ ಇಲ್ಲ. ಫೈಲ್ ಏನೋ ಅದನ್ನೇ ಹೇಳಿದೆ. ‘ರ‍್ಯಾನ್ಸಮ್’, ‘ಪಿಡಬ್ಲ್ಯೂಎಸ್’ (ಪಾಸ್‌ವರ್ಡ್ ಕದಿಯುವಂಥದ್ದು), ‘ಸ್ಟೀಲರ್’ ಎಂದಿದ್ದರೆ ಮುಂದಿನ ಹೆಜ್ಜೆ ಓದುವುದೂ ಬೇಡ. ಕ್ವಾರಂಟೈನ್‌ನಿಂದಲೇ ಅಳಿಸಿ.

ಕ್ರ್ಯಾಕ್ ಗೇಮ್‌ಗಳ ಬಗ್ಗೆ ನನ್ನ ನಿಲುವು ಇಷ್ಟು: ನಾನು ಅವನ್ನು ಸರಿಮಾಡಿ ಕೊಡುವುದಿಲ್ಲ. ಕಾನೂನಿನ ಮಾತು ಪಕ್ಕಕ್ಕಿರಲಿ, ಅದರಲ್ಲಿ ಒಳ್ಳೆಯ ಕ್ರ್ಯಾಕ್ ಯಾವುದು, ಕೆಟ್ಟದ್ದು ಯಾವುದು ಎಂದು ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ‘ಇನ್‌ಸ್ಟಾಲ್ ಮಾಡುವ ಮುನ್ನ ಆಂಟಿವೈರಸ್ ಆಫ್ ಮಾಡಿ’ ಎಂದು ರೀಡ್‌ಮಿ ಫೈಲಿನಲ್ಲಿ ಬರೆದಿದ್ದರೆ, ಬರೆದವನು ಕಳ್ಳನೋ ಸಾಧುವೋ ಎಂದು ತಿಳಿಯುವ ದಾರಿ ನಿಮಗಿಲ್ಲ. ಪಾಸ್‌ವರ್ಡ್ ಹಾಕಿದ ಜಿಪ್, ಆ ಪಾಸ್‌ವರ್ಡೂ ಪಕ್ಕದಲ್ಲೇ ಬರೆದಿದೆ ಎಂದರೆ ಇನ್ನೂ ಅನುಮಾನಿಸಿ. ಬೀಗ ಹಾಕಿದ ಜಿಪ್‌ನ ಒಳಗನ್ನು ಆಂಟಿವೈರಸ್ ನೋಡಲಾರದು, ಹಾಗೆ ಮಾಡಿರುವುದೇ ಅದಕ್ಕೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಸ್ಟಾಪ್/ಡಿಜೆವು ಎಂಬ ರ‍್ಯಾನ್ಸಮ್‌ವೇರ್ ಮನೆಮನೆಗೆ ಹರಡಿದ್ದು ಹೆಚ್ಚಾಗಿ ಕ್ರ್ಯಾಕ್ ಮತ್ತು ಕೀಜೆನ್‌ಗಳ ಹೆಗಲೇರಿ. ಮಗಳ ನಾಮಕರಣದ ಫೋಟೊಗಳೆಲ್ಲ ಬೀಗ ಬಿದ್ದು ಕೂತ ಮೇಲೆ ಸೇಲ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಗೇಮಿನ ಲೆಕ್ಕ ಹಾಕಿ ಏನು ಬಂತು?

ಹಾಗೆಂದು ಅಂಗಡಿಯಿಂದಲೇ ಕೊಂಡಿದ್ದೇವೆ ಎಂದು ಕಣ್ಣು ಮುಚ್ಚುವಂತೆಯೂ ಇಲ್ಲ. ಪೈರೇಟ್‌ಫೈ ಎಂಬ ಉಚಿತ ಗೇಮ್ ಸ್ಟೀಮ್‌ನಲ್ಲೇ ಇತ್ತು. ಅದರಲ್ಲಿ ಮಾಹಿತಿ ಕದಿಯುವ ಮಾಲ್‌ವೇರ್ ಇದೆ ಎಂದು ಗೊತ್ತಾಗಿ 2025ರ ಫೆಬ್ರುವರಿಯಲ್ಲಿ ವಾಲ್ವ್ ಕಂಪನಿ ಅದನ್ನು ತೆಗೆದುಹಾಕಿ, ಆಡಿದವರಿಗೆ ಎಚ್ಚರಿಕೆ ಕಳಿಸಿತು.

ಬಿಡಿಸುವ ಮುನ್ನ ತಪಾಸಣೆ

ಮೊದಲು ಆಂಟಿವೈರಸ್‌ನ ಡೆಫಿನಿಷನ್ (ವೈರಸ್ ಗುರುತಿಸುವ ಪಟ್ಟಿ) ಅಪ್‌ಡೇಟ್ ಮಾಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ಪ್ರೊಟೆಕ್ಷನ್ ಅಪ್‌ಡೇಟ್ಸ್ ಎಂಬಲ್ಲಿ ಅದಕ್ಕೆ ಬಟನ್ ಇದೆ. ಹೆಸರಾಂತ ಗೇಮನ್ನು ತಪ್ಪಾಗಿ ಹಿಡಿದಿದ್ದರೆ ದೂರುಗಳು ಬಂದು ಕಂಪನಿಯವರೇ ತಿದ್ದಿರುತ್ತಾರೆ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಸಹಿ ನೋಡಿ. ಸೆಟಪ್ ಫೈಲ್ ಕೈಯಲ್ಲಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಡಿಜಿಟಲ್ ಸಿಗ್ನೇಚರ್ಸ್ ಎಂಬ ಟ್ಯಾಬ್ ಇದ್ದರೆ ಅದರಲ್ಲಿ ಪ್ರಕಾಶಕರ ಹೆಸರಿರಬೇಕು, ಡೀಟೇಲ್ಸ್ ಒತ್ತಿದಾಗ ಸಹಿ ಸರಿಯಿದೆ ಎಂದು ಬರಬೇಕು. ಸಹಿ ಇಲ್ಲದ್ದೆಲ್ಲ ಕೆಟ್ಟದ್ದಲ್ಲ. ದೊಡ್ಡ ಕಂಪನಿಯ ಗೇಮ್ ಎಂದು ಹೇಳಿಕೊಂಡು ಸಹಿಯಿಲ್ಲದೆ ಬಂದಿದ್ದರೆ ಮಾತ್ರ ಅದು ಅವರದ್ದಲ್ಲವೆಂದೇ ತಿಳಿಯಿರಿ.

ಗೇಮ್ ಮಾಡಿದವರು ತಮ್ಮ ತಾಣದಲ್ಲಿ ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ-256 ಸಂಖ್ಯೆ ಕೊಟ್ಟಿದ್ದರೆ ಹೋಲಿಸಿ ನೋಡಿ. ಕಮಾಂಡ್ ಬರೆಯುವ ಕಷ್ಟ ಬೇಡ. 7-ಜಿಪ್ ಹಾಕಿಕೊಂಡರೆ ರೈಟ್ ಕ್ಲಿಕ್ ಮೆನುವಿನಲ್ಲೇ ‘ಸಿಆರ್‌ಸಿ ಎಸ್‌ಎಚ್‌ಎ’ ಎಂಬ ಆಯ್ಕೆ ಬರುತ್ತದೆ. ವಿಂಡೋಸ್ 11ರಲ್ಲಿ ಅದು ‘ಶೋ ಮೋರ್ ಆಪ್ಷನ್ಸ್’ ಒಳಗೆ ಅಡಗಿರಬಹುದು. ಒಂದು ಅಕ್ಷರ ಬೇರೆಯಾದರೂ ಫೈಲ್ ಬೇರೆ.

ಆಮೇಲೆ ವೈರಸ್‌ಟೋಟಲ್. ಈಗ ಗೂಗಲ್ ಒಡೆತನದಲ್ಲಿರುವ ಈ ತಾಣ ಒಂದು ಫೈಲನ್ನು ಹತ್ತಾರು ಆಂಟಿವೈರಸ್‌ಗಳ ಮುಂದೆ ಒಟ್ಟಿಗೆ ಇಡುತ್ತದೆ. 650 ಎಂಬಿವರೆಗಿನ ಫೈಲ್ ಕಳಿಸಬಹುದು. ಗೇಮ್ ಅದಕ್ಕಿಂತ ದೊಡ್ಡದಾದರೆ ಹಿಂದೆ ತೆಗೆದ ಎಸ್‌ಎಚ್‌ಎ-256 ಸಂಖ್ಯೆಯನ್ನೇ ಹುಡುಕಾಟದ ಜಾಗದಲ್ಲಿ ಅಂಟಿಸಿ. ಬೇರೆ ಯಾರಾದರೂ ಮೊದಲೇ ಕಳಿಸಿದ್ದರೆ ಫಲಿತಾಂಶ ಬರುತ್ತದೆ. ಹೆಸರೇ ಕೇಳದ ಎರಡು ಮೂರು ಎಂಜಿನ್‌ಗಳು ಮಾತ್ರ ‘ಜೆನೆರಿಕ್’ ಎಂದು ಕೂಗುತ್ತಿದ್ದರೆ ನಾನು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ದೊಡ್ಡ ಹೆಸರಿನವು ಹಲವು ಸೇರಿ ಒಂದೇ ಕುಟುಂಬದ ಹೆಸರು ಹೇಳುತ್ತಿದ್ದರೆ ಅಲ್ಲಿಗೆ ನಿಲ್ಲಿಸುತ್ತೇನೆ. ನಿನ್ನೆ ಮೊನ್ನೆ ಹುಟ್ಟಿದ ಫೈಲಿಗೆ ಸೊನ್ನೆ ಬಂದರೂ ಅದು ಪ್ರಮಾಣಪತ್ರವಲ್ಲ. ಆಗ ಒಂದೆರಡು ದಿನ ಬಿಟ್ಟು ಮತ್ತೆ ನೋಡುವುದು ವಾಸಿ.

ಬಿಡಿಸುವ ರೀತಿ

ತಪಾಸಣೆಯಲ್ಲಿ ಸರಿ ಎನಿಸಿದರೆ ಮೊದಲು ವಿನಾಯಿತಿ, ಆಮೇಲೆ ರಿಸ್ಟೋರ್. ಮೊದಲೇ ರಿಸ್ಟೋರ್ ಮಾಡಿದರೆ ಫೈಲ್ ಹೊರಬಂದ ಕ್ಷಣದಲ್ಲೇ ಮತ್ತೆ ಒಳಗೆ ಹೋಗಬಹುದು.

ಗೇಮ್‌ಗೆಂದೇ ಒಂದು ಹೊಸ ಫೋಲ್ಡರ್ ಮಾಡಿ, ಡಿ ಡ್ರೈವ್‌ನಲ್ಲಿ ಗೇಮಿನ ಹೆಸರಿನಲ್ಲೇ ಇರಲಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ನಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ ಕೆಳಗಿಳಿದರೆ ಎಕ್ಸ್‌ಕ್ಲೂಷನ್ಸ್ ಸಿಗುತ್ತದೆ. ಅಲ್ಲಿ ಆ ಒಂದು ಫೋಲ್ಡರನ್ನು ಸೇರಿಸಿ. ಕ್ವಾರಂಟೈನ್‌ನಲ್ಲಿದ್ದ ಫೈಲ್ ಮರಳುವುದು ತಾನು ಹಿಂದೆ ಇದ್ದ ಜಾಗಕ್ಕೆ. ಆದ್ದರಿಂದ ಅದು ಡೌನ್‌ಲೋಡ್ಸ್‌ನಲ್ಲಿ ಸಿಕ್ಕಿಬಿದ್ದಿದ್ದರೆ ಹೊಸ ಫೋಲ್ಡರಿಗೇ ಮತ್ತೊಮ್ಮೆ ಇಳಿಸಿಕೊಳ್ಳುವುದು ಸುಲಭ. ಜಿಪ್ ಹಾಗೇ ಉಳಿದಿದ್ದರೆ ಅದನ್ನು ಅಲ್ಲಿಗೆ ಸರಿಸಿ ಬಿಚ್ಚಿದರೆ ಸಾಕು. ಇಡೀ ಡೌನ್‌ಲೋಡ್ಸ್ ಫೋಲ್ಡರನ್ನಾಗಲಿ ಸಿ ಡ್ರೈವನ್ನಾಗಲಿ ಎಕ್ಸ್‌ಕ್ಲೂಷನ್‌ಗೆ ಹಾಕಬೇಡಿ. ನಾಳೆ ವಾಟ್ಸಾಪ್‌ನಿಂದ ಇಳಿಯುವ ಕಸವೂ ತಪಾಸಣೆಯಿಲ್ಲದೆ ಅಲ್ಲೇ ಬಂದು ಕೂರುತ್ತದೆ.

ಹಿಸ್ಟರಿಯಲ್ಲಿ ‘ಅಲೋ’ ಎಂಬ ಸುಲಭದ ಬಟನ್ ಕಾಣುತ್ತದೆ. ಅದನ್ನು ಒತ್ತಿದರೆ ವಿನಾಯಿತಿ ಸಿಗುವುದು ಆ ಫೈಲಿಗಲ್ಲ, ಆ ವೈರಸ್ ಹೆಸರಿಗೆ. ಸೊಸೈಟಿಯ ವಾಚ್‌ಮನ್‌ಗೆ ‘ಪಾಟೀಲ ಅನ್ನೋರು ಬಂದ್ರ ಬಿಡು’ ಎಂದು ಹೇಳಿಟ್ಟರೆ ಬರುವ ಪಾಟೀಲರೆಲ್ಲ ಒಳಗೆ ಬಂದ ಹಾಗೆ, ಮುಂದೆ ಅದೇ ಹೆಸರಿನಡಿ ಬರುವ ನಿಜವಾದ ಟ್ರೋಜನ್‌ಗೂ ಬಾಗಿಲು ತೆರೆಯುತ್ತದೆ. ಆಗಲೇ ಒತ್ತಿದ್ದರೆ ‘ಅಲೋಡ್ ಥ್ರೆಟ್ಸ್’ ಪಟ್ಟಿಗೆ ಹೋಗಿ ಹೆಸರು ತೆಗೆಯಿರಿ.

ಕ್ವಿಕ್ ಹೀಲ್‌ನಂಥ ಬೇರೆ ಆಂಟಿವೈರಸ್‌ಗಳಲ್ಲೂ ಫೈಲ್, ಫೋಲ್ಡರ್‌ಗಳನ್ನು ಹೊರಗಿಡುವ ಪಟ್ಟಿ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಕ್ರಮ ಇದೇ.

ವಿನಾಯಿತಿ ಕೊಟ್ಟರೂ ಇನ್‌ಸ್ಟಾಲ್ ನಿಂತರೆ

ಇಲ್ಲಿ ಹೆಚ್ಚಿನವರು ಸೋಲುತ್ತಾರೆ. ಫೋಲ್ಡರ್ ಎಕ್ಸ್‌ಕ್ಲೂಷನ್‌ನಲ್ಲಿದೆ, ಸೆಟಪ್ ಕಣ್ಣಿಗೆ ಕಾಣುತ್ತಿದೆ, ಆದರೂ ‘ಟೆಂಪರರಿ ಡೈರೆಕ್ಟರಿಯಲ್ಲಿ ಫೈಲ್ ಓಡಿಸಲಾಗಲಿಲ್ಲ’ ಎಂಬ ಅರ್ಥದ ದೂರು ಬರುತ್ತದೆ. ಕಾರಣ, ಇನ್ನೋ ಸೆಟಪ್ ಎಂಬ ಸಾಧನದಲ್ಲಿ ಕಟ್ಟಿದ ಇನ್‌ಸ್ಟಾಲರ್‌ಗಳು ಇದ್ದ ಜಾಗದಲ್ಲೇ ಕೆಲಸ ಮಾಡುವುದಿಲ್ಲ. ವಿಂಡೋಸ್‌ನ ಟೆಂಪ್ ಫೋಲ್ಡರಿನಲ್ಲಿ ‘ಐಎಸ್-’ ಎಂದು ಶುರುವಾಗುವ ಹೆಸರಿನ ತಾತ್ಕಾಲಿಕ ಫೋಲ್ಡರ್ ಮಾಡಿ, ಅಲ್ಲಿ ತಮ್ಮ ಅಸಲಿ ಭಾಗವನ್ನು ಬಿಚ್ಚಿ ಓಡಿಸುತ್ತವೆ. ನೀವು ವಿನಾಯಿತಿ ಕೊಟ್ಟಿದ್ದು ಒಂದು ಕಡೆ, ಫೈಲ್ ಸಿಕ್ಕಿಬಿದ್ದದ್ದು ಇನ್ನೊಂದು ಕಡೆ. ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಫೈಲಿನ ದಾರಿ ಓದಿ ಎಂದದ್ದು ಇದಕ್ಕೇ.

ಟೆಂಪ್ ಫೋಲ್ಡರಿಗೆ ವಿನಾಯಿತಿ ಕೊಡಬೇಡಿ, ಮಾಲ್‌ವೇರ್‌ಗಳಿಗೆ ಅದು ತವರುಮನೆ. ಸಹಿ, ಎಸ್‌ಎಚ್‌ಎ, ವೈರಸ್‌ಟೋಟಲ್ ಮೂರರಲ್ಲೂ ಸಮಾಧಾನವಾಗಿದ್ದರೆ ಮಾತ್ರ ರಿಯಲ್-ಟೈಮ್ ಪ್ರೊಟೆಕ್ಷನನ್ನು ಇನ್‌ಸ್ಟಾಲ್ ಮುಗಿಯುವವರೆಗೆ ಆಫ್ ಮಾಡಿ. ಬೇರೆಲ್ಲೂ ನಾನು ಇದಕ್ಕೆ ಒಪ್ಪುವುದಿಲ್ಲ. ಆಫ್ ಮಾಡಿದಾಗ ವೈಫೈ ಕೂಡ ಆಫ್ ಇರಲಿ. ಡಿಫೆಂಡರ್ ಸ್ವಲ್ಪ ಹೊತ್ತಿನ ಮೇಲೆ ತಾನೇ ಆನ್ ಆಗುತ್ತದೆ, ಆದರೂ ನೀವೇ ಆನ್ ಮಾಡಿ ಬನ್ನಿ.

ಸ್ಟೀಮ್ ಗೇಮ್ ಆದರೆ ಇಷ್ಟು ಕಷ್ಟವಿಲ್ಲ. ಸಿಕ್ಕಿಬಿದ್ದ ಗೇಮಿನ ಫೋಲ್ಡರಿಗೆ ವಿನಾಯಿತಿ ಕೊಟ್ಟು, ಲೈಬ್ರರಿಯಲ್ಲಿ ಗೇಮಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ ಎಂದು ಹೋಗಿ. ಕಾಣೆಯಾದದ್ದನ್ನು ಮಾತ್ರ ಅದು ಮತ್ತೆ ತರುತ್ತದೆ, ಇಡೀ ಗೇಮನ್ನಲ್ಲ. ಪ್ರತಿ ಸಲವೂ ಒಂದೆರಡು ಫೈಲ್ ಫೇಲ್ ಎಂದು ತೋರಿಸಿದರೆ ಗಾಬರಿ ಬೇಡ, ಕೆಲವು ಗೇಮ್‌ಗಳ ಸೆಟ್ಟಿಂಗ್ ಫೈಲುಗಳು ಹಾಗೆಯೇ. ಎಪಿಕ್ ಎಂಬ ಗೇಮ್ ಅಂಗಡಿಯಲ್ಲಿ ಗೇಮಿನ ಪಕ್ಕದ ಮೂರು ಚುಕ್ಕೆಯ ಮೆನುವಿನಲ್ಲಿ ಮ್ಯಾನೇಜ್ ಒತ್ತಿದರೆ ವೆರಿಫೈ ಇದೆ. ಗಾಗ್‌ನ ಆ್ಯಪ್ ಗ್ಯಾಲಕ್ಸಿಯಲ್ಲೂ ಇದೆ.

ಆಂಟಿವೈರಸ್ಸಿನ ನೆಂಟರು

ಹಿಸ್ಟರಿಯಲ್ಲಿ ಫೈಲಿನ ಸುಳಿವಿಲ್ಲ, ಬೇರೆ ಆಂಟಿವೈರಸ್ಸೂ ಇಲ್ಲ, ಆದರೂ ಗೇಮ್ ಓಡುತ್ತಿಲ್ಲ ಎಂದರೆ ಇನ್ನೂ ಮೂವರನ್ನು ವಿಚಾರಿಸಬೇಕು. ನೀಲಿ ಪರದೆಯಲ್ಲಿ ‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’ ಎನ್ನುವುದು ಸ್ಮಾರ್ಟ್‌ಸ್ಕ್ರೀನ್. ಫೈಲ್ ಅಪರಿಚಿತ ಎಂಬುದಷ್ಟೇ ಅದರ ತಕರಾರು. ತಪಾಸಣೆ ಆಗಿದ್ದರೆ ಮೋರ್ ಇನ್‌ಫೋ ಒತ್ತಿ ಮುಂದುವರಿಯಬಹುದು. ಗೇಮ್ ಓಡುತ್ತದೆ ಆದರೆ ಸೇವ್ ಆಗುತ್ತಿಲ್ಲ ಎಂದರೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಇದೆಯೇ ನೋಡಿ. ಅದು ಡಾಕ್ಯುಮೆಂಟ್ಸ್ ಫೋಲ್ಡರಿಗೆ ಅಪರಿಚಿತರು ಬರೆಯದಂತೆ ಕಾಯುತ್ತದೆ, ಎಷ್ಟೋ ಗೇಮ್‌ಗಳು ಸೇವ್ ಫೈಲ್ ಇಡುವುದೇ ಅಲ್ಲಿ. ಗೇಮಿನ ಇಎಕ್ಸ್ಇಗೆ ಅಲ್ಲಿಯೇ ಅನುಮತಿ ಕೊಡಬಹುದು.

ಮೂರನೆಯದು, ನಂಬಿಕೆಯಿಲ್ಲದ ಆ್ಯಪ್‌ಗಳನ್ನು ಓಡಲು ಬಿಡದ ವಿಂಡೋಸ್ 11ರ ಸ್ಮಾರ್ಟ್ ಆ್ಯಪ್ ಕಂಟ್ರೋಲ್. ಇದರಲ್ಲಿ ಒಂದೇ ಗೇಮಿಗೆ ವಿನಾಯಿತಿ ಕೊಡುವ ದಾರಿ ಇಲ್ಲ, ಆಫ್ ಮಾಡುವುದೊಂದೇ. ಹಲವು ಆವೃತ್ತಿಗಳಲ್ಲಿ ಒಮ್ಮೆ ಆಫ್ ಮಾಡಿದರೆ ವಿಂಡೋಸನ್ನೇ ಹೊಸದಾಗಿ ಹಾಕದೆ ಮತ್ತೆ ಆನ್ ಆಗುವುದಿಲ್ಲ. ಒಂದು ಗೇಮಿಗಾಗಿ ಅದನ್ನು ತೆಗೆಯಿರಿ ಎಂದು ನಾನಂತೂ ಹೇಳುವುದಿಲ್ಲ.

ಆಗಲೇ ಅನುಮಾನದ ಸೆಟಪ್ ಓಡಿಸಿಯಾಗಿದ್ದರೆ

ಕಂಪ್ಯೂಟರನ್ನು ಇಂಟರ್‌ನೆಟ್‌ನಿಂದ ಬಿಡಿಸಿ. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ, ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ವಿಂಡೋಸ್ ಏಳುವ ಮುನ್ನವೇ ಹುಡುಕುತ್ತದೆ. ಅಷ್ಟರಲ್ಲಿ ಫೋನಿನಿಂದ ಇಮೇಲ್, ಬ್ಯಾಂಕ್, ಸ್ಟೀಮ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿಸಿ. ಬ್ರೌಸರಿನಲ್ಲಿ ಉಳಿದ ಲಾಗಿನ್‌ಗಳನ್ನೇ ಕದಿಯುವ ಮಾಲ್‌ವೇರ್‌ಗಳಿರುವುದರಿಂದ ಪಾಸ್‌ವರ್ಡ್ ಒಂದನ್ನೇ ಬದಲಿಸಿದರೆ ಸಾಲದು. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಇಲ್ಲಿ ಕಾದು ನೋಡುವ ಮಾತಿಲ್ಲ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ತಪ್ಪಾಗಿ ಹಿಡಿದದ್ದೇ ಎಂದು ಖಾತ್ರಿಯಾದವರಿಗೆ ಒಂದು ಕೆಲಸ ಉಳಿದಿದೆ. ಫೈಲನ್ನು ಮೈಕ್ರೋಸಾಫ್ಟ್ ಸೆಕ್ಯುರಿಟಿ ಇಂಟೆಲಿಜೆನ್ಸ್ ತಾಣದಲ್ಲಿ, ಬೇರೆ ಆಂಟಿವೈರಸ್ ಆದರೆ ಆ ಕಂಪನಿಯ ತಾಣದಲ್ಲಿ, ‘ತಪ್ಪಾಗಿ ಗುರುತಿಸಲಾಗಿದೆ’ ಎಂದು ಗುರುತು ಹಾಕಿ ಕಳಿಸಿ. ಗೇಮ್ ಮಾಡಿದವರಿಗೂ ಒಂದು ಸಾಲು ಬರೆಯಿರಿ, ಇಂಡೀ ಗೇಮ್ ಮಾಡುವವರಿಗೆ ಈ ಸುದ್ದಿ ಮುಟ್ಟುವುದೇ ಇಂಥ ಪತ್ರಗಳಿಂದ. ತಿದ್ದುಪಡಿ ಆದ ಮೇಲೆ ಡೆಫಿನಿಷನ್ ಅಪ್‌ಡೇಟ್ ಮಾಡಿ ಎಕ್ಸ್‌ಕ್ಲೂಷನ್ಸ್ ಪಟ್ಟಿಯಿಂದ ಆ ಫೋಲ್ಡರನ್ನು ತೆಗೆದು, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ ನೋಡಿ. ಮತ್ತೆ ಹಿಡಿಯದಿದ್ದರೆ ವಿನಾಯಿತಿ ಇನ್ನು ಬೇಕಿಲ್ಲ.